ಜೀರ್ಣೋದ್ಧಾರ: ಮೋಹವೋ, ಸೇವೆಯೋ?

ಶರನ್ನವರಾತ್ರಿಯ ಒಂಬತ್ತನೆಯ ದಿನ ಕನ್ನಡಿಗರ ಮನೆಮನೆಗಳಲ್ಲಿ ಆಯುಧಪೂಜೆ ನಡೆಯುತ್ತದೆ. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣದಲ್ಲಿ ಆರಂಭಿಸಿದ ದಸರಾ ಮಹೋತ್ಸವದಲ್ಲಿ ಪಟ್ಟದ ಕತ್ತಿಗೆ ಸಲ್ಲುವ ಅರಿಸಿನ ಕುಂಕುಮವೇ ಸಾಮಾನ್ಯನ ಮನೆಯಲ್ಲಿ ಈಳಿಗೆಮಣೆಗೂ ಕತ್ತರಿಗೂ ಹೊಲಿಗೆಯಂತ್ರಕ್ಕೂ ಸಲ್ಲುತ್ತದೆ. ಅನ್ನ ಕೊಡುವ ಉಪಕರಣದಲ್ಲಿ ದೇವಿಯ ಸಾನ್ನಿಧ್ಯವನ್ನು ಕಾಣುವ ಈ ಭಾವನೆ ಮಹತ್ತಾದುದು. ಆದರೆ ಅದರೊಳಗೇ ಒಂದು ಪ್ರಶ್ನೆ ಅಡಗಿದೆ. ದುಡಿಯುತ್ತಿರುವ ಆಯುಧಕ್ಕೆ ಪೂಜೆ ಸಲ್ಲುತ್ತದೆ. ದುಡಿದು ಸವೆದು ಅಟ್ಟ ಸೇರಿದ ಆಯುಧಕ್ಕೆ ಏನು ಸಲ್ಲಬೇಕು?

ಇಂದು ಈ ಪ್ರಶ್ನೆಗೆ ಹೊಸ ಸಂದರ್ಭವೊಂದು ಒದಗಿದೆ. ಹಳೆಯ ಗೃಹೋಪಕರಣಗಳನ್ನು ಅರಸಿ ತಂದು, ತುಕ್ಕು ತೆಗೆದು, ಮುರಿದುದನ್ನು ಕೂಡಿಸಿ, ಮತ್ತೆ ನಡೆಯುವಂತೆ ಮಾಡುವ ಹವ್ಯಾಸ ಅನೇಕರಲ್ಲಿ ಬೆಳೆದಿದೆ. ಹಿತ್ತಾಳೆಯ ಪಂಪ್ ಸ್ಟೌವು, ಕೈಯಿಂದ ತಿರುಗಿಸುವ ಕಾಫಿಬೀಜದ ಯಂತ್ರ, ವಾಲ್ವ್ ರೇಡಿಯೋ, 1910ರಲ್ಲಿ ಕಲ್ಕತ್ತೆಯ ಇಂದುಮಾಧವ ಮಲ್ಲಿಕರು ರೂಪಿಸಿದ ಇಕ್ಮಿಕ್ ಕುಕ್ಕರು, ಪಾವು ಸೇರುಗಳ ಅಳತೆಯ ಪಾತ್ರೆಗಳು ಎಲ್ಲಕ್ಕೂ ಈಗ ಆರಾಧಕರಿದ್ದಾರೆ. ಇದನ್ನು ಸಂಸ್ಕೃತಿಯ ಸೇವೆಯೆಂದು ಕೆಲವರು ಕೊಂಡಾಡುತ್ತಾರೆ. ವಸ್ತುವ್ಯಾಮೋಹವೆಂದು ಕೆಲವರು ಹಳಿಯುತ್ತಾರೆ. ಇವೆರಡರಲ್ಲಿ ಯಾವುದು ಸತ್ಯ?

ಈ ವಿಚಾರವನ್ನು ಮಾಡಲು ತಿರುವೊಟ್ಟಿಯೂರಿಗಿಂತ ತಕ್ಕ ಸ್ಥಳ ದುರ್ಲಭ. ಒಂದು ಕಡೆ ಇದು ಆಯುಧಗಳ ಊರು. 1946ರಲ್ಲಿ ಆಟಿಕೆಯ ಬಲೂನುಗಳನ್ನು ಮಾಡುತ್ತ ಮೊದಲಾದ ಎಂ.ಆರ್.ಎಫ್., 1950ರ ದಶಕದಲ್ಲಿ ಬಂದ ಎನ್‌ಫೀಲ್ಡ್ ಮೋಟಾರು ಸೈಕಲ್ಲಿನ ಕಾರ್ಖಾನೆ, ಬೆಂಕಿಪೊಟ್ಟಣದ ವಿಮ್ಕೋ ಇವೆಲ್ಲ ಈ ಕಡಲತಡಿಗೆ ಹೆಸರು ತಂದವು. ಇನ್ನೊಂದು ಕಡೆ ಇದು ವೈರಾಗ್ಯದ ಊರು. ಆದಿಪುರೀಶ್ವರ ತ್ಯಾಗರಾಜರೂ ವಡಿವುಡೈ ಅಮ್ಮನವರೂ ನೆಲೆಸಿದ ಈ ಕ್ಷೇತ್ರ ಕನ್ನಡಿಗರಿಗೂ ಪರಕೀಯವಲ್ಲ. ಹರಿಹರ ಕವಿಯು ರಗಳೆಯಲ್ಲಿ ಹಾಡಿದ ನಂಬಿಯಣ್ಣನು ಸಂಕಿಲಿಯಾರನ್ನು ಕೈಹಿಡಿದದ್ದು ಇಲ್ಲಿಯೇ ಎಂದು ಶೈವಪುರಾಣಗಳು ಹೇಳುತ್ತವೆ. ಇಲ್ಲಿಯ ಕಡಲದಂಡೆಯಲ್ಲಿಯೇ ಪಟ್ಟಿನತ್ತಾರರ ಸಮಾಧಿಯೂ ಇದೆ.

ಪಟ್ಟಿನತ್ತಾರರು ಕಾವೇರಿಪೂಂಪಟ್ಟಣದ ಶ್ರೀಮಂತ ವರ್ತಕರು. ಅವರ ಸಾಕುಮಗನಾಗಿ ಬೆಳೆದ ಮರುದವಾಣನು ಸಾಕ್ಷಾತ್ ಶಿವನೇ ಎಂಬುದು ಐತಿಹ್ಯ. ಆತನು ಹೋಗುವಾಗ ಒಂದು ಪೆಟ್ಟಿಗೆಯನ್ನು ಬಿಟ್ಟುಹೋದನು. ಅದರಲ್ಲಿದ್ದುದು ಕಣ್ಣು ಮುರಿದ ಒಂದು ಸೂಜಿ ಮತ್ತು ಒಂದು ಓಲೆ. ಕಡೆಯ ಪಯಣದಲ್ಲಿ ಇಂತಹ ನಿರುಪಯುಕ್ತ ಸೂಜಿಯೂ ಸಂಗಡ ಬಾರದೆಂಬುದು ಆ ಓಲೆಯ ತಾತ್ಪರ್ಯ. ಅದನ್ನು ಓದಿದ ವರ್ತಕರು ಸಕಲ ಸಂಪತ್ತನ್ನೂ ತೊರೆದು ಹೊರಟರು. ಊರೂರು ಅಲೆದು ಕೊನೆಗೆ ತಿರುವೊಟ್ಟಿಯೂರಿನಲ್ಲಿ ಸಮಾಧಿಸ್ಥರಾದರು.

ಹಳೆಯ ವಸ್ತುಗಳನ್ನು ಕೂಡಿಹಾಕುವವನಿಗೆ ಇದಕ್ಕಿಂತ ಕಠಿಣವಾದ ಎಚ್ಚರಿಕೆ ಬೇರಿಲ್ಲ. ಹೊಸ ವಸ್ತುವಿನ ಆಸೆ ಮನುಷ್ಯನನ್ನು ಹೇಗೆ ಕಟ್ಟಿಹಾಕುವುದೋ ಹಳೆಯ ವಸ್ತುವಿನ ಆಸೆಯೂ ಹಾಗೆಯೇ ಕಟ್ಟಿಹಾಕಬಲ್ಲುದು. ಒಂದು ಸ್ಟೌವು ದೊರೆತರೆ ಅದೇ ಜಾತಿಯ ಇನ್ನೊಂದು ಬೇಕೆನಿಸುತ್ತದೆ. ನೆರೆಯವನಲ್ಲಿ ಇಲ್ಲದುದು ತನ್ನಲ್ಲಿದೆಯೆಂಬ ಹೆಮ್ಮೆ ತಲೆಯೆತ್ತುತ್ತದೆ. ಶರಣರ ಪರಂಪರೆಯಲ್ಲಿ ಆಯ್ದಕ್ಕಿ ಮಾರಯ್ಯನು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಹೆಚ್ಚಾದುದನ್ನು ಹಿಂದಕ್ಕೆ ಸುರಿದು ಬರುವಂತೆ ಹೇಳಿ ಲಕ್ಕಮ್ಮನು ಕಳುಹಿಸಿದಳು. ಬಿದ್ದ ಅಕ್ಕಿಯನ್ನು ಆಯುವುದರಲ್ಲಿಯೂ ಲೋಭ ನುಸುಳಬಹುದಾದರೆ, ಬಿಸುಟ ಪಾತ್ರೆಯನ್ನು ಆಯುವುದರಲ್ಲಿ ನುಸುಳದೆ ಇದ್ದೀತೆ?

ಆದರೆ ಪಟ್ಟಿನತ್ತಾರರ ಚರಿತ್ರೆಯಲ್ಲಿಯೇ ಇನ್ನೊಂದು ಘಟನೆಯುಂಟು. ಅರಸುತನವನ್ನು ಬಿಟ್ಟು ಅವರ ಶಿಷ್ಯನಾದ ಭದ್ರಗಿರಿಯು ಭಿಕ್ಷೆಗೆಂದು ಒಂದು ಓಡನ್ನು ಇಟ್ಟುಕೊಂಡಿದ್ದನು. ಒಂದು ನಾಯಿ ಅವನನ್ನು ಹಿಂಬಾಲಿಸಿತ್ತು. ಭಿಕ್ಷೆ ಕೇಳಿ ಬಂದವನೊಬ್ಬನಿಗೆ ಪಟ್ಟಿನತ್ತಾರರು, ಆಚೆಯ ಬಾಗಿಲಲ್ಲಿ ಒಬ್ಬ ಸಂಸಾರಿಯಿದ್ದಾನೆ, ಅವನನ್ನು ಕೇಳು ಎಂದು ಹೇಳಿ ಕಳುಹಿಸಿದರು. ತಾನಿನ್ನೂ ಸಂಸಾರಿಯೇ ಎಂಬುದನ್ನು ಅರಿತ ಭದ್ರಗಿರಿಯು ಓಡನ್ನು ಎಸೆದನು. ಅದು ತಗುಲಿ ನಾಯಿ ಸತ್ತಿತು. ಸಾಮಾನ್ಯವಾಗಿ ಈ ಕಥೆಯನ್ನು ಓಡೂ ಬಂಧನವೇ ಎಂದು ತೋರಿಸಲು ಹೇಳುತ್ತಾರೆ. ಆದರೆ ಎಸೆದದ್ದು ಎಲ್ಲಿಯಾದರೂ ಬೀಳಲೇಬೇಕು, ಬಿದ್ದಲ್ಲಿ ಇನ್ನೊಂದು ಜೀವಕ್ಕೆ ತಗುಲಲೂಬಹುದು ಎಂಬ ಪಾಠವೂ ಅದರಲ್ಲಿದೆ. ಉತ್ತರ ಚೆನ್ನೈನ ಮನೆಗಳು ದಶಕಗಳ ಕಾಲ ಎಸೆದದ್ದೆಲ್ಲ ಕೊಡುಂಗೈಯೂರಿನಲ್ಲಿ ಗುಡ್ಡವಾಗಿ ಬೆಳೆಯಿತು. ಆ ಗುಡ್ಡದ ಹೊಗೆಯನ್ನು ಕುಡಿದವರು ಅದನ್ನು ಎಸೆದವರಿಗಿಂತ ಬಡವರು.

ತ್ಯಾಗಕ್ಕೂ ಬಿಸಾಡುವಿಕೆಗೂ ಇರುವ ಅಂತರವನ್ನು ಇಲ್ಲಿ ಗುರುತಿಸಬೇಕು. ಸಂನ್ಯಾಸಿಯು ಪಾತ್ರೆಯನ್ನು ಬಿಟ್ಟರೆ ಮತ್ತೊಂದನ್ನು ಕೊಳ್ಳುವುದಿಲ್ಲ. ಗೃಹಸ್ಥನು ಬಿಡುವುದಾದರೋ ಮತ್ತೊಂದನ್ನು ಕೊಳ್ಳುವುದಕ್ಕಾಗಿಯೇ. ಹಳೆಯದನ್ನು ಗುಜರಿಗೆ ಹಾಕಿದವನು ಮೋಹವನ್ನು ಗೆದ್ದೆನೆಂದು ತಿಳಿದರೆ ಅದು ಭ್ರಮೆ. ಅವನು ಹೊಸ ಮೋಹಕ್ಕೆ ಜಾಗ ಮಾಡಿದನಷ್ಟೆ. ಇದ್ದುದನ್ನೇ ದುರಸ್ತಿಮಾಡಿ ಬಳಸುವವನು ಆ ಮಟ್ಟಿಗೆ ಬೇಡಿಕೆಯನ್ನು ಕಡಿಮೆ ಮಾಡಿಕೊಂಡವನು. ಅಪರಿಗ್ರಹವೆಂಬ ವ್ರತ ಗೃಹಸ್ಥನಿಗೆ ಸಾಧ್ಯವಾಗುವುದು ಬಹುಶಃ ಈ ರೂಪದಲ್ಲಿಯೇ.

ದುರಸ್ತಿಯೆಂದರೆ ಏನೆಂಬುದನ್ನು ಕಲಾಯಿಯ ಕೆಲಸ ಚೆನ್ನಾಗಿ ತೋರಿಸುತ್ತದೆ. ಹಿತ್ತಾಳೆ ತಾಮ್ರಗಳ ಪಾತ್ರೆಯಲ್ಲಿ ಹುಣಿಸೆಯ ಹುಳಿ ನಿಂತರೆ ಕಿಲುಬು ಏಳುತ್ತದೆ, ಅಡಿಗೆ ವಿಷವಾಗುತ್ತದೆ. ಅದನ್ನು ತಡೆಯಲು ಒಳಮೈಗೆ ತವರದ ತೆಳುವಾದ ಲೇಪ ಬೇಕು. ಕಲಾಯಿಗಾರನು ಮೊದಲು ಪಾತ್ರೆಯನ್ನು ಉಜ್ಜಿ ಕೊಳೆ ತೆಗೆಯುತ್ತಾನೆ. ನೆಲದಲ್ಲಿ ಗುಳಿ ತೋಡಿ, ಇದ್ದಿಲು ಹಾಕಿ, ತಿದಿಯೂದಿ ಪಾತ್ರೆಯನ್ನು ಕಾಯಿಸುತ್ತಾನೆ. ನವಸಾಗರದ ಪುಡಿಯನ್ನು ಉದುರಿಸಿದಾಗ ಬಿಳಿಯ ಹೊಗೆ ಏಳುತ್ತದೆ, ಲೋಹದ ಮೇಲಣ ಮಲಿನ ಪದರ ಕರಗುತ್ತದೆ. ತವರವು 232 ಡಿಗ್ರಿ ಸೆಲ್ಸಿಯಸ್ ಶಾಖಕ್ಕೇ ಕರಗುವ ಲೋಹವಾದುದರಿಂದ ಕಾದ ಪಾತ್ರೆಗೆ ಸೋಕಿಸಿದೊಡನೆ ನೀರಾಗುತ್ತದೆ. ಹತ್ತಿಯಿಂದ ಒಂದು ಸುತ್ತು ಒರಸಿದರೆ ಒಳಮೈಯೆಲ್ಲ ಬೆಳ್ಳಿಯಂತೆ ಬೆಳಗುತ್ತದೆ. ಆದರೆ ಈ ಹೊಳಪು ಶಾಶ್ವತವಲ್ಲ. ದಿನವೂ ಬಳಸಿದರೆ ಸವೆಯುತ್ತದೆ, ಮತ್ತೆ ಹಾಕಿಸಬೇಕಾಗುತ್ತದೆ.

ಇಲ್ಲಿ ಗಮನಿಸಬೇಕಾದ ಅಂಶಗಳು ಎರಡು. ಮೊದಲನೆಯದು, ಕಣ್ಣಿಗೆ ಕಾಣುವ ಹೊರಮೈಯ ಹೊಳಪಿಗಿಂತ ಉಣ್ಣುವವನನ್ನು ಕಾಯುವ ಒಳಮೈಯ ಶುದ್ಧಿ ಮುಖ್ಯ. ತವರಕ್ಕೆ ಸೀಸವನ್ನು ಬೆರೆಸಿದರೂ ಪಾತ್ರೆ ಹೊಳೆಯುತ್ತದೆ, ಆದರೆ ಉಂಡವನಿಗೆ ಹಾನಿಯಾಗುತ್ತದೆ. ಹಳೆಯ ವಿದ್ಯುತ್ ಉಪಕರಣಕ್ಕೆ ಹೊಸ ಬಣ್ಣ ಬಳಿದು, ಒಳಗೆ ಪುಡಿಯಾಗುತ್ತಿರುವ ಬಟ್ಟೆಸುತ್ತಿನ ತಂತಿಯನ್ನು ಹಾಗೆಯೇ ಬಿಡುವುದೂ ಇಂತಹದೇ ಅಪರಾಧ. ಎರಡನೆಯದು, ಗಾಜಿನ ಬೀರುವಿನಲ್ಲಿ ಕುಳಿತ ಪಾತ್ರೆಗೆ ಕಲಾಯಿ ಬೇಕಿಲ್ಲ. ಒಲೆಯೇರುವ ಪಾತ್ರೆಗೆ ಮಾತ್ರ ಬೇಕು. ಪಾತ್ರೆಗಳೆಲ್ಲ ಬೀರು ಸೇರಿ ಕಲಾಯಿಗಾರನ ತಿದಿ ನಿಂತುಹೋದರೆ ವಸ್ತು ಉಳಿದೂ ವಿದ್ಯೆ ಅಳಿಯುತ್ತದೆ. ಪಾತ್ರೆಗೆ ಮರುಗುವ ಮನಸ್ಸು ಆ ಕೈಗೂ ಮರುಗಬೇಡವೆ?

ಹಳೆಯ ಅಡಿಗೆಮನೆಯ ಗುಣಗಾನ ಮಾಡುವಾಗ ಮರೆಯಬಾರದ ಇನ್ನೊಂದು ಸತ್ಯವಿದೆ. ಬೀಸುವ ಕಲ್ಲು ಅದನ್ನು ನೋಡುವವನಿಗೆ ಸುಂದರ. ಬೀಸಿದವಳಿಗೆ ಅದು ಭಾರ. ಬೆಳಗಿನ ಜಾವದಲ್ಲಿ ಎದ್ದು ರಾಗಿ ಬೀಸುತ್ತಿದ್ದ ತಾಯಂದಿರು ಆ ಶ್ರಮವನ್ನು ನೀಗಲೆಂದೇ ಬೀಸುವ ಪದಗಳನ್ನು ಹಾಡಿದರು. ಪದ ನಮಗೆ ಉಳಿಯಿತು. ಅಂಗೈಯ ಬೊಕ್ಕೆ ಅವರೊಡನೆ ಹೋಯಿತು. ಕೊಯಮತ್ತೂರಿನಲ್ಲಿ 1950ರ ದಶಕದಲ್ಲಿ ವಿದ್ಯುತ್ತಿನ ರುಬ್ಬುವ ಯಂತ್ರ ರೂಪುಗೊಂಡದ್ದು, ಮುಂದೆ ಮಿಕ್ಸಿಗಳು ಬಂದದ್ದು ಸ್ತ್ರೀಯರ ಪಾಲಿಗೆ ಒಂದು ಬಿಡುಗಡೆಯೇ ಸರಿ. ಆದುದರಿಂದ ಹಳೆಯ ಒರಳನ್ನು ಕಾಪಾಡುವುದೆಂದರೆ ಹಳೆಯ ದಾಸ್ಯವನ್ನು ಹೊಗಳುವುದೆಂದಾಗಬಾರದು. ಆ ಕಲ್ಲಿನ ಸವೆದ ಗುಳಿ ಎಷ್ಟು ಜೀವಗಳ ದುಡಿಮೆಯಿಂದ ಆಯಿತೆಂಬುದನ್ನು ಮಕ್ಕಳಿಗೆ ತಿಳಿಸಿದಾಗಲೇ ಅದನ್ನು ಉಳಿಸಿದುದು ಸಾರ್ಥಕ.

ವಸ್ತುವು ಕೈಗೆ ಬಂದ ಬಗೆಯೂ ಧರ್ಮವಿಚಾರಕ್ಕೆ ಒಳಪಟ್ಟುದೇ. ಮದರಾಸಿನ ಮೂರ್ ಮಾರ್ಕೆಟ್ಟು 1985ರಲ್ಲಿ ಬೆಂಕಿಗೆ ಆಹುತಿಯಾಗುವ ತನಕ ಹಳೆಯ ಸಾಮಾನಿಗೆ ಹೆಸರಾದ ತಾಣವಾಗಿತ್ತು. ಅಂತಹ ಅಂಗಡಿಗೆ ಬರುವ ತಾಮ್ರದ ಹಂಡೆಯ ಹಿಂದೆ ಒಂದು ಮನೆಯ ಕಷ್ಟವೂ ಇರಬಹುದು. ಆಸ್ಪತ್ರೆಯ ಖರ್ಚಿಗಾಗಿ ಮಾರಿದ ಪಾತ್ರೆಯನ್ನು ತೂಕದ ಬೆಲೆಗೆ ಪಡೆದು, ಅಪೂರ್ವ ವಸ್ತುವೆಂದು ಹತ್ತು ಪಟ್ಟು ಬೆಲೆಕಟ್ಟಿ ಹೆಮ್ಮೆಪಡುವುದು ಸಂಸ್ಕೃತಿಯ ಸೇವೆಯಾಗಲಾರದು. ನ್ಯಾಯವಾದ ಬೆಲೆಯನ್ನು ಕೊಡಬೇಕು, ಆ ಮನೆಯ ಮಾತನ್ನೂ ಕೇಳಿಕೊಳ್ಳಬೇಕು. ಕಥೆಯಿಲ್ಲದ ಹಂಡೆ ಬರಿಯ ತಾಮ್ರ.

ಸಂಗ್ರಹವು ಸೇವೆಯಾಗಿ ಪರಿಣಮಿಸಿದ ನಿದರ್ಶನಗಳೂ ನಮ್ಮ ಕಣ್ಣಮುಂದಿವೆ. ಪುಣೆಯ ದಿನಕರ ಕೇಳ್ಕರರು (1896–1990) ಬಾಲ್ಯದಲ್ಲಿಯೇ ತೀರಿಹೋದ ಮಗ ರಾಜಾನ ನೆನಪಿನಲ್ಲಿ ದೀಪ, ಅಡಕೊತ್ತು, ಅಡಿಗೆಯ ಪಾತ್ರೆ ಮೊದಲಾದ ನಿತ್ಯಬಳಕೆಯ ವಸ್ತುಗಳನ್ನು ಕೂಡಿಸಿ, 1975ರಲ್ಲಿ ಆ ಸಂಗ್ರಹವನ್ನು ಮಹಾರಾಷ್ಟ್ರ ಸರ್ಕಾರಕ್ಕೆ ಒಪ್ಪಿಸಿದರು. ಎಚ್.ಎಲ್. ನಾಗೇಗೌಡರು ಹಳ್ಳಿಯ ಬದುಕಿನ ಸಾಮಗ್ರಿಗಳನ್ನು ಕಲೆಹಾಕಿ ರಾಮನಗರದ ಬಳಿ ಜಾನಪದ ಲೋಕವನ್ನು ಕಟ್ಟಿದರು. ಮಣಿಪಾಲದ ವಿಜಯನಾಥ ಶೆಣೈಯವರು ಕೆಡವಲ್ಪಡುತ್ತಿದ್ದ ಹಳೆಯ ಮನೆಗಳನ್ನೇ ಬಿಚ್ಚಿ ತಂದು ಹಸ್ತಶಿಲ್ಪ ಪರಂಪರಾ ಗ್ರಾಮದಲ್ಲಿ ಮತ್ತೆ ನಿಲ್ಲಿಸಿದರು. ಚೆನ್ನೈನ ದಕ್ಷಿಣದ ಮುಟ್ಟುಕಾಡಿನಲ್ಲಿ 1996ರಲ್ಲಿ ತೆರೆದ ದಕ್ಷಿಣಚಿತ್ರದಲ್ಲಿ ಕರ್ನಾಟಕದ ಮನೆಗಳನ್ನೂ ಇಂದು ಕಾಣಬಹುದು. ಇವರೆಲ್ಲರಲ್ಲಿ ಸಮಾನವಾದುದು ಒಂದೇ: ಕೂಡಿಸಿದ್ದು ತಮ್ಮ ಬಾಗಿಲೊಳಗೆ ಉಳಿಯಲಿಲ್ಲ. ಮಗನನ್ನು ಕಳೆದುಕೊಂಡ ತಂದೆಯ ಶೋಕವೇ ಸಾವಿರಾರು ಮಕ್ಕಳ ಪಾಠಶಾಲೆಯಾಯಿತು.

ತಿರುವೊಟ್ಟಿಯೂರಿನ ಇನ್ನೊಬ್ಬ ಭಕ್ತನನ್ನು ಇಲ್ಲಿ ಸ್ಮರಿಸುವುದು ಉಚಿತ. ಅರವತ್ತಮೂವರು ಪುರಾತನರಲ್ಲಿ ಒಬ್ಬನಾದ ಕಲಿಯನು ಇದೇ ಊರಿನ ಗಾಣಿಗನು. ದೇವಾಲಯದ ದೀಪಗಳಿಗೆ ಎಣ್ಣೆಯೆರೆಯುವುದು ಅವನ ವ್ರತ. ಸಂಪತ್ತು ಕರಗಿದಾಗ ಕೂಲಿ ಮಾಡಿದನು. ಕೂಲಿಯೂ ಇಲ್ಲವಾದಾಗ ಮನೆಯ ಸರ್ವಸ್ವವನ್ನೂ ಮಾರಿದನು. ಮಾರಲು ಏನೂ ಉಳಿಯದಾದಾಗ ತನ್ನ ನೆತ್ತರನ್ನೇ ಎಣ್ಣೆಯಾಗಿ ಎರೆಯಲು ಮುಂದಾದನು. ಆಗ ಶಿವನು ಕೈಹಿಡಿದು ತಡೆದನು. ಕಲಿಯನಿಗೆ ವಸ್ತುವಿನ ಮೇಲೆ ದ್ವೇಷವಿರಲಿಲ್ಲ. ಇದ್ದಿದ್ದರೆ ದೀಪವನ್ನೂ ಬಿಟ್ಟುಬಿಡುತ್ತಿದ್ದನು. ಯಾವ ವಸ್ತು ಯಾವುದಕ್ಕಾಗಿ ಎಂಬ ವಿವೇಕ ಅವನಿಗಿತ್ತು. ಆ ವಿವೇಕವಿದ್ದವನ ಕೈಯಲ್ಲಿ ಪಾತ್ರೆ ಬಂಧನವಲ್ಲ, ಅದು ಸಾಧನ.

ಹಾಗಾದರೆ ಹಳೆಯ ವಸ್ತುವನ್ನು ಮನೆಗೆ ತರುವವನು ತನ್ನನ್ನು ತಾನೇ ಮೂರು ಮಾತು ಕೇಳಿಕೊಳ್ಳಲಿ. ಇದು ಬಂದ ದಾರಿ ನ್ಯಾಯವೆ? ಇದರಿಂದ ಯಾರಿಗಾದರೂ ಊಟವೋ ಬೆಳಕೋ ತಿಳಿವೋ ದೊರೆಯುವುದೆ? ಯೋಗ್ಯನೊಬ್ಬನು ಬಂದು ಕೇಳಿದರೆ ಇದನ್ನು ಸಂತೋಷದಿಂದ ಕೊಡಲಾದೀತೆ? ಮೂರಕ್ಕೂ ಹೌದೆಂಬ ಉತ್ತರ ಬಂದರೆ ಅದು ಸೇವೆ. ಮೂರನೆಯದರಲ್ಲಿ ನಾಲಗೆ ತಡವರಿಸಿದರೆ ಮೋಹ ಒಳಗೆ ಕುಳಿತಿದೆಯೆಂದೇ ತಿಳಿಯಬೇಕು.

ದೇವಾಲಯಗಳ ವಿಷಯದಲ್ಲಿ ನಮ್ಮ ಹಿರಿಯರು ಬಳಸಿದ ಜೀರ್ಣೋದ್ಧಾರವೆಂಬ ಪದ ಅರ್ಥಪೂರ್ಣವಾದುದು. ಜೀರ್ಣವಾದುದನ್ನು ಎತ್ತಿ ನಿಲ್ಲಿಸುವವನು ಅದರ ಒಡೆಯನಲ್ಲ. ಅವನಿಗಿಂತ ಮೊದಲು ಯಾರೋ ಕಟ್ಟಿದರು, ಅವನ ಅನಂತರ ಯಾರೋ ಪೂಜಿಸುವರು. ನಡುವೆ ಅವನದು ಒಂದು ಸರದಿ. ನವರಾತ್ರಿಯ ಬೊಂಬೆಗಳೂ ಹೀಗೆಯೇ ಅಜ್ಜಿಯಿಂದ ಮೊಮ್ಮಗಳಿಗೆ ಬರುತ್ತವೆ. ಬಣ್ಣ ಹೋದ ಪಟ್ಟದ ಬೊಂಬೆಗೆ ಬಣ್ಣ ತುಂಬಿದವಳು ಅದನ್ನು ತನ್ನದೆಂದು ಬಚ್ಚಿಡದೆ ಹಂತದ ಮೇಲೆ ನಿಲ್ಲಿಸಿ ನೆರೆಹೊರೆಯವರನ್ನು ಕರೆಯುತ್ತಾಳೆ.

ಕಣ್ಣು ಮುರಿದ ಸೂಜಿಯೂ ಸಂಗಡ ಬಾರದೆಂಬುದು ನಿಶ್ಚಯ. ಬಾರದಿರುವುದರಿಂದಲೇ ಎಲ್ಲವನ್ನೂ ಯಾರಿಗಾದರೂ ಬಿಟ್ಟುಹೋಗಬೇಕಾಗಿದೆ. ಯಾವ ಸ್ಥಿತಿಯಲ್ಲಿ ಬಿಟ್ಟುಹೋಗುವುದೆಂಬುದಷ್ಟೇ ಮನುಷ್ಯನ ಕೈಯಲ್ಲಿರುವುದು: ಕಿಲುಬು ಹಿಡಿದೋ, ಕಲಾಯಿ ಮಾಡಿಸಿಯೋ. ಈ ನವರಾತ್ರಿಯಲ್ಲಿ ಅಟ್ಟದ ಮೇಲಿನ ಒಂದಾದರೂ ಪಾತ್ರೆ ಕೆಳಗಿಳಿದು, ಶುದ್ಧವಾಗಿ, ಒಲೆಯೇರಿ, ಅದರಲ್ಲಿ ಬೆಂದ ನೈವೇದ್ಯವು ಹಸಿದವನೊಬ್ಬನ ಎಲೆಗೆ ಬೀಳಲಿ. ಅಂತಹ ಪಾತ್ರೆಯಲ್ಲಿ ಜಗನ್ಮಾತೆಯು ಅನ್ನಪೂರ್ಣೆಯಾಗಿ ನೆಲೆಸಿ ಸರ್ವರನ್ನೂ ಕಾಪಾಡಲಿ.