ಶೀಟಿನ ಕೆಳಗಿನ ಚಳಿ

ಗುಂಡ್ಲುಪೇಟೆ ತಾಲ್ಲೂಕಿನಲ್ಲಿ, ಬಂಡೀಪುರದ ಕಾಡಿಗೆ ಅಂಟಿಕೊಂಡ ಒಂದು ಹಾಡಿ. ನಾವು ಕೆಲವು ಗೆಳೆಯರು ದುಡ್ಡು ಕೂಡಿಸಿ ಅಲ್ಲಿನ ಆರು ಮನೆಗಳಿಗೆ ಗ್ಯಾಸ್ ಒಲೆ ಕೊಡಿಸಿದ್ದೆವು. ಮರುವರ್ಷ ಪುಷ್ಯ ಮಾಸದ ಒಂದು ಸಂಜೆ ನೋಡಿಕೊಂಡು ಬರಲು ಹೋದೆ. ಕೊನೆಯ ಮನೆಯಲ್ಲಿ ಗ್ಯಾಸ್ ಒಲೆಗೆ ಹಳೆ ಸೀರೆಯ ತುಂಡು ಹೊದಿಸಿತ್ತು. ಹೊರಗೆ ಜಗಲಿಯ ಪಕ್ಕದಲ್ಲಿ ಆಗಷ್ಟೇ ಇಳಿಸಿದ ಸೌದೆ ಹೊರೆ. ಒಳಗೆ ಅಜ್ಜಿಯೊಬ್ಬರು ಕುಳಿತು ಒಲೆ ಊದುತ್ತಿದ್ದರು. ಅಕ್ಕಪಕ್ಕದವರೆಲ್ಲ ನಿಂತಿದ್ದಾಗಲೇ ಕೇಳಿಬಿಟ್ಟೆ: "ಕೊಟ್ಟದ್ದನ್ನು ಮೂಲೆಗಿಟ್ಟು ಇನ್ನೂ ಕಾಡಿಗೆ ಹೋಗ್ತೀರಲ್ಲ ಅಜ್ಜಿ, ಆನೆ ತುಳಿದರೆ ಯಾರು ಹೊಣೆ?" ಆನೆಯ ಹೆಸರು ಹೇಳಿದೆನಾದರೂ ಸಿಟ್ಟು ಬಂದದ್ದು ಆ ಸೀರೆಯ ತುಂಡು ಕಂಡು. ಅಜ್ಜಿ ತಲೆ ತಗ್ಗಿಸಿ ಊದುಗೊಳವೆ ಕೆಳಗಿಟ್ಟರು. ಒಳಗಿನಿಂದ ಸೊಸೆ ಹೇಳಿದಳು: "ಅನ್ನಕ್ಕೆ ಅದೇ ಆಯ್ತದೆ ಸಾ. ರಾತ್ರೆ ಮೊಗೀಗೆ ಏನ್ ಮಾಡಾನ?"

ಆ ಮಾತಿನ ಅರ್ಥ ಆಗ ತಿಳಿಯಲಿಲ್ಲ. ಕೊನೆ ಬಸ್ಸು ತಪ್ಪಿತು. ನಾನು ಬೈದ ಮನೆಯವರೇ ಚಾಪೆ ಹಾಸಿಕೊಟ್ಟರು.

ಮನೆ ಎಂದರೆ ಒಂದೇ ಕೋಣೆ. ಸಿಮೆಂಟ್ ಇಟ್ಟಿಗೆಯ ಗೋಡೆ, ಮೇಲೆ ಸಿಮೆಂಟ್ ಶೀಟು, ಎರಡೂ ಸೇರುವಲ್ಲಿ ಕೈ ತೂರುವಷ್ಟು ಸಂದು. ಎಂಟು ಗಂಟೆಗೆ ಒಲೆಯ ಸುತ್ತ ಹಿತವಾಗಿತ್ತು. ನಡುರಾತ್ರಿಯ ಹೊತ್ತಿಗೆ ನೆಲದ ತಣುಪು ಚಾಪೆ ದಾಟಿ ಬೆನ್ನಿಗೆ ಹತ್ತಿತು. ನಸುಕಿಗೆ ಮುಂಚೆ ಕೆನ್ನೆಯ ಮೇಲೊಂದು ಹನಿ ಬಿತ್ತು. ಮಳೆಯಿರಲಿಲ್ಲ. ಮಲಗಿದ್ದವರ ಉಸಿರೇ ತಣ್ಣನೆಯ ಶೀಟಿಗೆ ತಾಗಿ, ನೀರಾಗಿ ತೊಟ್ಟಿಕ್ಕುತ್ತಿತ್ತು. ಟಾರ್ಚ್ ಹಾಕಿದರೆ ಶೀಟಿನ ಏಣುಗಳುದ್ದಕ್ಕೂ ಹನಿಗಳ ಸಾಲು, ಕೆಳಗೆ ಕಂಬಳಿಯ ಮೇಲೆ ಒದ್ದೆ ಚುಕ್ಕೆಗಳು. ಅಜ್ಜಿ ಎದ್ದೇ ಇದ್ದರು. ಮೊಮ್ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು, ಅದರ ಬೆನ್ನನ್ನು ಒಲೆಯ ಕಡೆಗೆ ತಿರುಗಿಸಿ, ಉರಿದು ಮೋಟಾದ ಸೌದೆಯನ್ನು ಒಳಕ್ಕೆ ತಳ್ಳುತ್ತಿದ್ದರು. ಕೋಣೆಯಲ್ಲಿ ಹೊಗೆ ಇತ್ತು. ಮಗು ನಡುನಡುವೆ ಕೆಮ್ಮುತ್ತಲೇ ನಿದ್ದೆ ಮಾಡುತ್ತಿತ್ತು.

ನಾವು ಒಲೆ ಕೊಟ್ಟಾಗ ಕೇಳಿಕೊಂಡದ್ದು ಒಂದೇ ಪ್ರಶ್ನೆ: ಅಡುಗೆ ಹೇಗೆ? ಆದರೆ ಸೌದೆ ಒಲೆ ಅಡುಗೆಯೊಂದಕ್ಕೇ ಉರಿಯುವುದಲ್ಲ. ಅದು ನೀರು ಕಾಯಿಸುತ್ತದೆ, ಒದ್ದೆ ಬಟ್ಟೆ ಒಣಗಿಸುತ್ತದೆ, ಅಟ್ಟದ ಮೇಲಿನ ಕಾಳಿಗೆ ಹುಳು ಹತ್ತದಂತೆ ಹೊಗೆ ಕೊಡುತ್ತದೆ, ರಾತ್ರಿಯಿಡೀ ಮನೆಯನ್ನು ಬೆಚ್ಚಗಿಡುತ್ತದೆ. ಗ್ಯಾಸ್ ಇವುಗಳಲ್ಲಿ ಅಡುಗೆಯೊಂದನ್ನು ಚೆನ್ನಾಗಿ ಮಾಡಿಕೊಟ್ಟಿತು. ಉಳಿದವುಗಳಿಗಾಗಿ ಅಜ್ಜಿ ಕಾಡಿಗೆ ಹೋಗುತ್ತಿದ್ದರು.

ಮನೆಯೂ ಬದಲಾಗಿತ್ತು. ಈ ಸೀಮೆಯ ಸೋಲಿಗರ, ಕುರುಬರ ಹಳೆಯ ಗುಡಿಸಲು ಬಿದಿರಿನ ತಡಿಕೆಗೆ ಮಣ್ಣು ಮೆತ್ತಿದ್ದು, ಮೇಲೆ ದಪ್ಪ ಹುಲ್ಲು. ಹುಲ್ಲಿನ ಎಸಳುಗಳ ನಡುವೆ ಸಿಕ್ಕಿಕೊಂಡ ಗಾಳಿ ಒಳಗಿನ ಶಾಖವನ್ನು ಬೇಗ ಬಿಟ್ಟುಕೊಡುವುದಿಲ್ಲ. ಸಿಮೆಂಟ್ ಶೀಟಿನ ದಪ್ಪ ಬೆರಳಿನಷ್ಟೂ ಇಲ್ಲ. ಮೋಡವಿಲ್ಲದ ಚಳಿಗಾಲದ ರಾತ್ರಿ ಅದು ತನ್ನ ಶಾಖವನ್ನೆಲ್ಲ ಆಕಾಶಕ್ಕೆ ಚೆಲ್ಲಿ, ಹೊರಗಿನ ಗಾಳಿಗಿಂತಲೂ ತಣ್ಣಗಾಗಿಬಿಡುತ್ತದೆ. ಹಾಗೆಂದು ಹುಲ್ಲಿನ ಮನೆಗೇ ಮರಳಿ ಎನ್ನುವ ಹಕ್ಕು ಪಟ್ಟಣದ ನನಗಿಲ್ಲ. ಅದು ಕಿಡಿಗೆ ಸುಡುತ್ತದೆ, ಮಳೆಗೆ ಕೊಳೆಯುತ್ತದೆ, ಮತ್ತೆ ಮತ್ತೆ ಹೊದಿಸಬೇಕು. ಹೊದಿಸಲು ಹುಲ್ಲಾದರೂ ಎಲ್ಲಿದೆ? ಬಂಡೀಪುರದಲ್ಲೂ ಬಿಳಿಗಿರಿರಂಗನ ಬೆಟ್ಟದಲ್ಲೂ ಹುಲ್ಲಿನ ಜಾಗವನ್ನು ಲಂಟಾನ ನುಂಗಿದೆ. ಬೆಟ್ಟ 1974ರಲ್ಲಿ ಅಭಯಾರಣ್ಯವಾಗಿ, ತಾವು ವರ್ಷ ವರ್ಷ ಹಾಕುತ್ತಿದ್ದ ತರಗು ಬೆಂಕಿ ನಿಂತ ಮೇಲೆಯೇ ಈ ಪೊದೆ ಹೀಗೆ ಬೆಳೆದದ್ದು ಎಂದು ಸೋಲಿಗರ ಹಿರಿಯರು ಹೇಳುತ್ತ ಬಂದಿದ್ದಾರೆ.

ಇನ್ನು ದುಡ್ಡಿನ ಲೆಕ್ಕ. ಉಜ್ವಲ ಯೋಜನೆ ಶುರುವಾದದ್ದು 2016ರ ಮೇ 1ರಂದು. ಅದರಿಂದ ಬಡ ಮನೆಗಳಿಗೆ ಗ್ಯಾಸ್ ಬಂತು, ಅದು ದೊಡ್ಡ ಕೆಲಸವೇ. ಆದರೆ 2022ರ ಮೇ ತಿಂಗಳಲ್ಲಿ 14.2 ಕಿಲೋ ಸಿಲಿಂಡರಿನ ಬೆಲೆ ಸಾವಿರ ರೂಪಾಯಿ ದಾಟಿತು. ಸಬ್ಸಿಡಿ ಆಮೇಲೆ ಬ್ಯಾಂಕಿಗೆ ಬರುತ್ತದೆ, ಕೈಯಿಂದ ಕೊಡಬೇಕಾದ್ದು ಮೊದಲೇ. ದಿನಗೂಲಿಯ ಮನೆಯಲ್ಲಿ ಗ್ಯಾಸ್ ಒಲೆಗೆ ಸೀರೆ ಹೊದಿಸಿಡುವುದು ಅಸಡ್ಡೆಯಿಂದಲ್ಲ, ಮಳೆಗಾಲಕ್ಕೆ, ಬಾಣಂತನಕ್ಕೆ, ನೆಂಟರು ಬಂದ ಹೊತ್ತಿಗೆ ಇರಲಿ ಎಂದು. ಕರೆಂಟಿನ ಹೀಟರ್ ಇಡಬಹುದಲ್ಲ, 200 ಯೂನಿಟ್ ಉಚಿತವಿದೆಯಲ್ಲ ಎಂದು ಗೆಳೆಯರೊಬ್ಬರು ಕೇಳಿದರು. ಸಾವಿರ ವಾಟಿನ ಹೀಟರ್ ರಾತ್ರಿ ಆರು ಗಂಟೆ ಉರಿದರೆ ತಿಂಗಳಿಗೆ 180 ಯೂನಿಟ್. ಆದರೆ 2023ರಲ್ಲಿ ಬಂದ ಈ ಗೃಹಜ್ಯೋತಿ ಯೋಜನೆಯಲ್ಲಿ 200 ಎನ್ನುವುದು ಗರಿಷ್ಠ ಮಿತಿ. ಒಂದೊಂದು ಮನೆಗೆ ಸಿಗುವುದು ಅದು ಹಿಂದೆ ಬಳಸಿದ್ದರ ಸರಾಸರಿ ಮತ್ತು ಅದರ ಮೇಲೆ ಸ್ವಲ್ಪ. ಎರಡು ಬಲ್ಬಿನಲ್ಲಿ ಬದುಕಿದವರಿಗೆ ಎರಡು ಬಲ್ಬಿನಷ್ಟೇ.

ಇಂಗ್ಲೆಂಡಿನಲ್ಲಿ ಈ ಸಂಕಟಕ್ಕೊಂದು ಹೆಸರಿದೆ. ಬ್ರೆಂಡಾ ಬೋರ್ಡ್‌ಮನ್ ಎಂಬ ವಿದ್ವಾಂಸೆ 1991ರಲ್ಲಿ ಬರೆದ ಪುಸ್ತಕದಲ್ಲಿ, ಮನೆಯನ್ನು ಸಾಕಷ್ಟು ಬೆಚ್ಚಗಿಡುವುದೂ ಸೇರಿ ಇಂಧನಕ್ಕೆ ಆದಾಯದ ಶೇ 10ಕ್ಕಿಂತ ಹೆಚ್ಚು ಖರ್ಚಾಗುವುದಾದರೆ ಅದನ್ನು ಉರುವಲಿನ ಬಡತನ ಎಂದು ಗುರುತಿಸಿದರು. ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ, ಸಮಶೀತೋಷ್ಣ ಮತ್ತು ಶೀತ ಹವೆಯ ದೇಶಗಳಲ್ಲಿ ಚಳಿಯ ಹೊತ್ತಿನಲ್ಲಿ ಮನೆಯೊಳಗೆ 18 ಡಿಗ್ರಿಯಾದರೂ ಇರಬೇಕು ಎಂದಿತು. ಗುಂಡ್ಲುಪೇಟೆಯ ಕಡೆ ಜನವರಿಯ ಬೆಳಗಿನ ಜಾವ ಅದಕ್ಕಿಂತ ಕೆಳಗಿಳಿಯುವುದು ಸಾಮಾನ್ಯ, ಗೋಪಾಲಸ್ವಾಮಿ ಬೆಟ್ಟದ ಮಗ್ಗುಲಲ್ಲಿ ಇನ್ನೂ ಹೆಚ್ಚು. ಆದರೂ ಚಳಿ ಎಂದರೆ ಹಿಮ ಬೀಳುವ ದೇಶದವರ ಕಷ್ಟ ಎಂದೇ ನಾವು ತಿಳಿದಿದ್ದೇವೆ. ಅಜ್ಜಿಯ ಖರ್ಚು ಶೇಕಡಾವಾರಿನಲ್ಲಿ ಕಾಣುವುದೂ ಇಲ್ಲ. ಅವರು ತೆರುವುದು ತಲೆಹೊರೆಯಲ್ಲಿ, ಆನೆಯ ಭಯದಲ್ಲಿ, ಗಾರ್ಡ್ ಕಂಡರೆ ಕತ್ತಿ ಬಚ್ಚಿಡುವುದರಲ್ಲಿ. 2006ರ ಅರಣ್ಯ ಹಕ್ಕು ಕಾಯ್ದೆಯ ಕಿರು ಉತ್ಪನ್ನಗಳಲ್ಲಿ ಜೇನು, ಮೇಣ, ಬಿದಿರಿನ ಜೊತೆಗೆ ಕುರುಚಲು ಕಟ್ಟಿಗೆ, ಬೊಡ್ಡೆಗಳೂ ಇವೆ. ಬಿಳಿಗಿರಿಯ ಸೋಲಿಗರಿಗೆ 2011ರಲ್ಲಿ ಸಮುದಾಯ ಹಕ್ಕುಪತ್ರ ಸಿಕ್ಕಿತು. ಅಂಥ ಪತ್ರ ಕೈಗೆ ಬಾರದ ಹಾಡಿಯಲ್ಲಿ ಅದೇ ಕಟ್ಟಿಗೆ ಕಳ್ಳಮಾಲು.

ಹೊಗೆಯ ಪರ ವಕಾಲತ್ತು ವಹಿಸುತ್ತಿಲ್ಲ. ಮನೆಯೊಳಗಿನ ಹೊಗೆಯಿಂದ 2020ರಲ್ಲಿ ಜಗತ್ತಿನಲ್ಲಿ ಸುಮಾರು 32 ಲಕ್ಷ ಜನ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಆ ಮಗುವಿನ ಕೆಮ್ಮನ್ನು ನಾನೇ ಕೇಳಿದ್ದೇನೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರು 1974ರಲ್ಲಿ ಆರಂಭಿಸಿದ ಅಸ್ತ್ರ ಕೇಂದ್ರದಿಂದ ಬಂದ ಅಸ್ತ್ರ ಒಲೆ ಹೊಗೆಯನ್ನು ಕೊಳವೆಯ ಮೂಲಕ ಹೊರಗೆ ಹಾಕಿ ಸೌದೆಯನ್ನೂ ಉಳಿಸಿತು. ಅಲ್ಲಿಯೇ ಕೆ.ಎಸ್. ಜಗದೀಶ್ ಮತ್ತು ಸಂಗಡಿಗರು ಮಣ್ಣಿನ ಇಟ್ಟಿಗೆಯ ಕೆಲಸ ಮಾಡಿದರು. ಒಲೆಯನ್ನೂ ಗೋಡೆಯನ್ನೂ ಒಂದೇ ಕೇಂದ್ರ ಯೋಚಿಸಿತ್ತು. ಸರ್ಕಾರದಲ್ಲಿ ಒಲೆ ಒಂದು ಇಲಾಖೆಗೆ, ಮನೆ ಇನ್ನೊಂದಕ್ಕೆ, ಕಾಡು ಮತ್ತೊಂದಕ್ಕೆ ಹಂಚಿಹೋಗಿರುವಾಗ ಮಲಗಿದವರ ಬೆನ್ನಿನ ಚಳಿ ಯಾವ ಕಡತಕ್ಕೆ ಸೇರಬೇಕು?

ಆ ರಾತ್ರಿಯಿಂದ ನನ್ನನ್ನು ಕಾಡುತ್ತಿರುವುದು ಇನ್ನೊಂದು. ನಮ್ಮ ಮನೆಯಲ್ಲಿ ತಂಗಿಯ ಬಾಣಂತನಕ್ಕೆ ಅಮ್ಮ ಅಗ್ಗಿಷ್ಟಿಕೆ ಹಾಕಿದ್ದರು. ಕೆಂಡಕ್ಕೆ ಸಾಂಬ್ರಾಣಿ ಹಾಕಿ, ಎಣ್ಣೆನೀರು ಹಾಕಿದ ಮಗುವನ್ನು ಅದರ ಮೇಲೆ ಆಡಿಸುತ್ತಿದ್ದರು. ಇದ್ದಿಲು ಎಲ್ಲಿಂದ ಬಂತು, ಯಾವ ಮರದ್ದು ಎಂದು ಯಾರೂ ಕೇಳಲಿಲ್ಲ. ಅದನ್ನು ಆರೈಕೆ ಎಂದೆವು. ಅಜ್ಜಿ ಮಾಡಿದ್ದೂ ಅದನ್ನೇ, ನಾನು ಅದನ್ನು ಕಾಡು ಕಡಿಯುವುದು ಎಂದೆ. ಒಲೆ ಕೊಟ್ಟದ್ದು ತಪ್ಪಲ್ಲ. ಕೊಟ್ಟೆ ಎನ್ನುವ ಕಾರಣಕ್ಕೆ ಅವರ ಒಲೆಯ ಮುಂದೆ ನಿಂತು ಲೆಕ್ಕ ಕೇಳಿದ್ದು ತಪ್ಪು. ಅದೂ ನಾಲ್ಕು ಜನರ ಮುಂದೆ, ತಿರುಗಿ ಮಾತಾಡಲಾರದವರನ್ನು.

ಮುಂದಿನ ಸಲ ಹೋದಾಗ ಬಿದಿರಿನ ಚಾಪೆ, ಭತ್ತದ ಹುಲ್ಲು, ನಾಲ್ಕು ದಪ್ಪ ಕಂಬಳಿ ಒಯ್ದೆವು. ಶೀಟಿನ ಕೆಳಗೆ ಚಾಪೆ ಕಟ್ಟಿ ನಡುವೆ ಹುಲ್ಲು ತುಂಬುವುದು ನಮ್ಮ ಯೋಚನೆ. ಅದಕ್ಕೂ ಮುಂಚೆ ಅವರ ಅಂಗಳದಲ್ಲಿ, ಅಂದಿನವರೇ ನಿಂತಿದ್ದಾಗ, ಅಜ್ಜಿಗೆ ಕೈಮುಗಿದು ತಪ್ಪಾಯಿತೆಂದೆ. ಅವರು ಅದಕ್ಕೇನೂ ಹೇಳಲಿಲ್ಲ. ಒಳಗೆ ಬಂದು ನಾವು ಅಳತೆ ಹಿಡಿದಿದ್ದ ದಾರವನ್ನು ನೋಡಿದರು. ಕೋಣೆಯುದ್ದಕ್ಕೂ ಕಟ್ಟಿದ್ದೆವು. "ಒಲೆ ಮೇಲೂ ಹುಲ್ಲು ತುಂಬೀರಾ? ಕಿಡಿ ಹಾರಾಕಿಲ್ವಾ?" ಎಂದರು. ನಾವು ಮುಖ ಮುಖ ನೋಡಿಕೊಂಡೆವು. ಅಜ್ಜಿ ಕೋಲು ತೆಗೆದುಕೊಂಡು ನೆಲದ ಮೇಲೆ ಗೀಟು ಎಳೆದರು: ಈ ಕಡೆ ಮಲಗುವ ಜಾಗ, ಆ ಕಡೆ ಒಲೆ. ದಾರ ಬಿಚ್ಚಿ ಗೀಟಿನ ಮೇಲಕ್ಕೆ ಸರಿಯಾಗಿ ಮತ್ತೆ ಕಟ್ಟಿದೆವು. ಹೊಗೆ ಹೋಗಲೆಂದು ಒಲೆಯ ಮೇಲಿನ ಸಂದನ್ನು ಅವರು ಹೇಳಿದಷ್ಟು ಬಿಟ್ಟೆವು.