ಗಟ್ಟಿಯಾಗಿರಬೇಕಾದದ್ದು ಯಾವುದು?

ನನ್ನ ತಂಗಿಯ ಮಗ ಮೊನ್ನೆ ಹಣ ಕೇಳಲು ಬಂದಿದ್ದ. ಇಪ್ಪತ್ತಾರರ ಹುಡುಗ, ಚಿಕ್ಕಮಗಳೂರಿನಲ್ಲಿ ಕೆಲಸ. ಕಾಫಿ ತೋಟಗಳ ಮಣ್ಣುದಾರಿಯಲ್ಲಿ ನಡೆಯುವ ರ‍್ಯಾಲಿಗಳನ್ನು ನೋಡಿ ನೋಡಿ ಹುಚ್ಚು ಹಿಡಿಸಿಕೊಂಡು ಹಳೆಯ ಮಾರುತಿ ಎಸ್ಟೀಮ್ ಕಾರೊಂದನ್ನು ಕೊಂಡಿದ್ದ. ಅದನ್ನು ಸ್ಪರ್ಧೆಗೆ ಸಜ್ಜು ಮಾಡಿಸಬೇಕು, ಕೈಯಲ್ಲಿರುವುದು ಸಾಲದು. "ಅಮ್ಮನಿಗೆ ಮಾತ್ರ ಹೇಳ್ಬೇಡಿ ಮಾವ" ಎಂದ.

ಹೇಳುವ ಪ್ರಶ್ನೆಯೇ ಇರಲಿಲ್ಲ. ತಂಗಿಗೂ ನನಗೂ ಮಾತು ನಿಂತು ಅವನ ವಯಸ್ಸಿಗಿಂತ ಹೆಚ್ಚು ಕಾಲವಾಗಿತ್ತು. ಅವಳ ಮಗ ದೊಡ್ಡವನಾದ ಮೇಲೆ ತಾನಾಗಿಯೇ ನನ್ನ ಮನೆಗೆ ಬರತೊಡಗಿದ. ಅದು ಅವನ ದೊಡ್ಡತನ.

ದುಡ್ಡು ಕೊಡುವ ಮೊದಲು ಅದು ಎಲ್ಲಿಗೆ ಹೋಗುತ್ತದೆಂದು ನೋಡುವುದು ಮೇಷ್ಟರ ಬುದ್ಧಿ. ಅವನೊಡನೆ ಗ್ಯಾರೇಜಿಗೆ ಹೋದೆ. ಹುಡುಗ ಪಟ್ಟಿ ಮಾಡಿಕೊಂಡು ಬಂದಿದ್ದ: ಕಾರನ್ನು ನೆಲಕ್ಕೆ ತಗ್ಗಿಸುವ ಗಡುಸು ಸ್ಪ್ರಿಂಗುಗಳು, ಅಗಲವಾದ ಚಕ್ರಗಳು, ತಿರುವಿನಲ್ಲಿ ಕಾರು ವಾಲದಂತೆ ಎಡಬಲ ಚಕ್ರಗಳನ್ನು ಕೂಡಿಸುವ ದಪ್ಪ ಸರಳು. ಗ್ಯಾರೇಜಿನ ಹಿರಿಯ ಮೇಸ್ತ್ರಿ ಪಟ್ಟಿ ಓದಿ ಮಡಿಸಿ ಹಿಂದಕ್ಕೆ ಕೊಟ್ಟರು. "ಸ್ಪ್ರಿಂಗ್ ಆಮೇಲೆ ನೋಡೋಣ. ಮೊದ್ಲು ಬಾಡಿ ಗಟ್ಟಿ ಆಗ್ಲಿ" ಎಂದರು.

ನನಗೆ ಅರ್ಥವಾಗಲೆಂದು ಅವರು ಜೇಬಿನಿಂದ ಬೆಂಕಿಪೊಟ್ಟಣ ತೆಗೆದರು. ಒಳಗಿನ ತಟ್ಟೆಯನ್ನು ಹೊರಗೆಳೆದು ತಿರುಚಿದರು, ಸುಲಭವಾಗಿ ತಿರುಚಿಕೊಂಡಿತು. ಮತ್ತೆ ಕವಚದೊಳಗೆ ತಳ್ಳಿ ತಿರುಚಿದರು, ಜಗ್ಗಲಿಲ್ಲ. ಎಸ್ಟೀಮಿನಂಥ ಕಾರಿಗೆ ಲಾರಿಗಿರುವಂತೆ ಪ್ರತ್ಯೇಕವಾದ ಚಾಸಿ ಇಲ್ಲ. ತಗಡುಗಳನ್ನು ಅಲ್ಲಲ್ಲಿ ಚುಕ್ಕೆಯಿಟ್ಟಂತೆ ಬೆಸೆದ ಮೈಯೇ ಅದರ ಬೆನ್ನೆಲುಬು. ಹಳತಾದಂತೆ ತುಕ್ಕು ಹಿಡಿದು ಆ ಬೆಸುಗೆ ಸಡಿಲಾಗುತ್ತದೆ. ಅವರು ಕಾರಿನ ಒಂದು ಮೂಲೆಗೆ ಜ್ಯಾಕ್ ಕೊಟ್ಟು ಎತ್ತಿ, "ಈಗ ಬಾಗಿಲು ತೆಗೀರಿ ಸಾರ್" ಎಂದರು. ಎಳೆದೆ, ಬರಲಿಲ್ಲ. ಕಾರು ನೆಲದ ಮೇಲಿದ್ದಾಗ ಇದೇ ಬಾಗಿಲು ಸಲೀಸಾಗಿ ತೆರೆದಿತ್ತು.

ಮೈಯೇ ತಿರುಚಿಕೊಂಡರೆ ಅಳೆದು ಕೂರಿಸಿದ ಚಕ್ರದ ಕೋನಗಳು ತಿರುವಿನಲ್ಲಿ ಉಳಿಯುವುದಿಲ್ಲ. ಮೈ ತಾನೇ ಒಂದು ಸ್ಪ್ರಿಂಗಾಗಿ ವರ್ತಿಸುತ್ತದೆ, ಆ ಸ್ಪ್ರಿಂಗಿಗೆ ಶಾಕ್ ಅಬ್ಸಾರ್ಬರ್ ಇರುವುದಿಲ್ಲ. ಅಂಥ ಮೈಗೆ ಗಡುಸು ಸ್ಪ್ರಿಂಗ್ ಹಾಕಿದರೆ ಅದು ನುಂಗುತ್ತಿದ್ದ ಪೆಟ್ಟುಗಳೆಲ್ಲ ನೇರ ಹಳೆಯ ಬೆಸುಗೆಯ ಮೇಲೆ ಬೀಳುತ್ತವೆ. ಆದ್ದರಿಂದ ಮೊದಲು ತುಕ್ಕು ಕೆರೆದು ಸಂದುಗಳ ಉದ್ದಕ್ಕೂ ಬೆಸುಗೆ. ಮುಂದಿನ ಎರಡು ಸ್ಟ್ರಟ್‌ಗಳ ತಲೆಗಳನ್ನು ಕೂಡಿಸಲು ಒಂದು ಅಡ್ಡ ಸರಳು. ಒಳಗೆ ಮೈಗೆ ಕಚ್ಚಿಕೊಂಡ ಉಕ್ಕಿನ ಕೊಳವೆಯ ಪಂಜರ. ಪಂಜರ ಕಾರು ಮಗುಚಿದರೆ ತಲೆ ಕಾಯುತ್ತದೆ, ಮಗುಚದಿದ್ದರೂ ಮೈಯನ್ನು ಬಿಗಿಹಿಡಿಯುತ್ತದೆ. ಇಷ್ಟಾದ ಮೇಲೆ ಸ್ಪ್ರಿಂಗು. ಅದೂ ಮಣ್ಣುದಾರಿಗೆ ಅತಿ ಗಡುಸಾಗಿರಬಾರದು. ಹಳ್ಳದಿಂದ ದಿಬ್ಬಕ್ಕೆ ಚಕ್ರ ಇಳಿದು ಏರಲು ಎಡೆ ಬೇಕು. ಗಾಳಿಯಲ್ಲಿರುವ ಚಕ್ರ ಬ್ರೇಕಿಗೂ ಬಗ್ಗುವುದಿಲ್ಲ, ಸ್ಟಿಯರಿಂಗಿಗೂ ಬಗ್ಗುವುದಿಲ್ಲ. ಸ್ಪ್ರಿಂಗ್ ತಿಂದ ಪೆಟ್ಟನ್ನು ತಿರುಗಿ ಕೊಡದೆ ಬಿಡುವುದಿಲ್ಲ. ಅದನ್ನು ಎಣ್ಣೆಯ ಸಣ್ಣ ಕಿಂಡಿಗಳಲ್ಲಿ ಹಾಯಿಸಿ ಬಿಸಿಯಾಗಿಸಿ ಕರಗಿಸುವುದು ಶಾಕ್ ಅಬ್ಸಾರ್ಬರಿನ ಕೆಲಸ. ಉಳಿದ ದುಡ್ಡೆಲ್ಲ ಅಲ್ಲಿಗೇ ಹೋಗಲಿ ಎಂದರು ಮೇಸ್ತ್ರಿ.

ಹುಡುಗನ ಮುಖ ಸಪ್ಪಗಾಯಿತು. "ಇಷ್ಟೆಲ್ಲ ಮಾಡ್ಸಿದ್ರೂ ಹೊರಗಿಂದ ಏನೂ ಕಾಣೋದಿಲ್ವಲ್ಲ?"

"ನೋಡೋರಿಗೆ ಕಾಣಲ್ಲ. ಓಡ್ಸೋರಿಗೆ ಗೊತ್ತಾಗತ್ತೆ."

ಇದು ಮೇಸ್ತ್ರಿಯೊಬ್ಬರ ಮಾತಷ್ಟೇ ಅಲ್ಲ. ಇಂಗ್ಲೆಂಡಿನ ಲೋಟಸ್ ಕಂಪನಿಯ ಕಾಲಿನ್ ಚಾಪ್‌ಮನ್ 1962ರಲ್ಲಿ ಎಲಾನ್ ಎಂಬ ಪುಟ್ಟ ಕಾರನ್ನು ತಂದರು. ಅದರ ನಡುವೆ ಬೆನ್ನುಮೂಳೆಯಂತೆ ಉಕ್ಕಿನ ಗಟ್ಟಿ ಚೌಕಟ್ಟು, ಮೇಲೆ ಹಗುರವಾದ ಫೈಬರ್ ಗ್ಲಾಸ್ ಮೈ, ಕೆಳಗೆ ಮೆತ್ತನೆಯ ಸ್ಪ್ರಿಂಗು. ತಿರುವುಗಳಲ್ಲಿ ನೆಲ ಕಚ್ಚಿ ಓಡುವುದಕ್ಕೆ ಅದು ಹೆಸರಾಯಿತು. ಮೂಳೆ ಗಟ್ಟಿಯಿದ್ದುದರಿಂದ ಸ್ಪ್ರಿಂಗು ಮೆತ್ತಗಿರಲು ಸಾಧ್ಯವಾಯಿತು.

ಅಂದು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಪ್ರವಾಹದಲ್ಲಿ ಸೆಟೆದು ನಿಂತ ಮರ ಬೀಳುತ್ತದೆ, ಬಾಗುವ ಜೊಂಡು ಉಳಿಯುತ್ತದೆ ಎಂದು ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದವನು ನಾನು. ಜೊಂಡು ಬಾಗಬಲ್ಲದ್ದು ಕೆಳಗೆ ಬೇರು ಹಿಡಿದುಕೊಂಡಿರುವುದರಿಂದ ಎಂದು ಒಮ್ಮೆಯೂ ಹೇಳಿರಲಿಲ್ಲ. ಬೇರು ಕಿತ್ತ ಜೊಂಡು ಬಾಗುವುದಿಲ್ಲ, ತೇಲಿಹೋಗುತ್ತದೆ.

ತಂಗಿ ತಾನು ಮೆಚ್ಚಿದ ಬೇರೆ ಜಾತಿಯ ಹುಡುಗನನ್ನು ಮದುವೆಯಾದಾಗ ನಾನು ಹೋಗಲಿಲ್ಲ. "ಇದು ತತ್ವದ ಪ್ರಶ್ನೆ" ಎಂದೆ. ಯಾವ ತತ್ವ? ಜಾತಿಯನ್ನು ನಂಬಿದವನೂ ನಾನಲ್ಲ, ಅದನ್ನು ಬಿಟ್ಟವನೂ ಅಲ್ಲ. ನನ್ನೊಳಗಿದ್ದದ್ದು ನಾಲ್ಕು ಜನ ಏನನ್ನುತ್ತಾರೋ ಎಂಬ ಅಳುಕು ಮಾತ್ರ. ನಿಜವಾಗಿ ಒಂದು ನಂಬಿಕೆ ಇದ್ದಿದ್ದರೆ, "ನನಗೆ ಒಪ್ಪಿಗೆಯಿಲ್ಲ" ಎಂದು ಅವಳ ಮುಖ ನೋಡಿ ಹೇಳಿ, ಅವಳ ಮದುವೆಯ ಊಟವನ್ನೂ ಉಂಡು ಬರಬಹುದಿತ್ತು. ಒಳಗೆ ಸಡಿಲವಿದ್ದವನಿಗೆ ಹೊರಗೆ ಬಿಗಿದುಕೊಳ್ಳುವುದೊಂದೇ ದಾರಿಯಾಯಿತು. ಅದನ್ನೇ ಊರವರು ನಿಷ್ಠುರ ಸ್ವಭಾವ ಎಂದರು, ನಾನೂ ನಂಬಿದೆ. ಅಪ್ಪ ತೀರಿಕೊಂಡ ದಿನ ಅಣ್ಣ ತಂಗಿ ಒಂದೇ ಅಂಗಳದ ಎರಡು ಮೂಲೆಗಳಲ್ಲಿ ನಿಂತಿದ್ದೆವು. ಬದುಕು ಒಂದು ಮೂಲೆಯನ್ನು ಎತ್ತಿ ಹಿಡಿದಿತ್ತು. ನನ್ನ ಬಾಗಿಲು ತೆರೆಯಲಿಲ್ಲ.

ಯಾವುದು ಚೌಕಟ್ಟು, ಯಾವುದು ಸ್ಪ್ರಿಂಗು ಎಂದು ಮನುಷ್ಯನಲ್ಲಿ ತಿಳಿಯುವುದು ಹೇಗೆ? ಕಾರಿನಷ್ಟು ಸುಲಭವಲ್ಲ. ಕೆಲವರ ಸೌಮ್ಯತೆಯೂ ಬರಿಯ ತುಕ್ಕಾಗಿರಬಹುದು. ಎಲ್ಲಕ್ಕೂ ಹೂಂ ಎನ್ನುವವನಲ್ಲಿ ಆಧರಿಸಲು ಏನೂ ಇರುವುದಿಲ್ಲ. ಆದರೆ ಯಾರ ಮೇಲೆ ಗಡುಸಾಗಿದ್ದೇವೆ, ಯಾವ ಭಯದಿಂದ ಹಾಗಿದ್ದೇವೆ ಎಂದು ಕೇಳಿಕೊಂಡರೆ ಸ್ವಲ್ಪ ಗೊತ್ತಾಗುತ್ತದೆ.

ಹುಡುಗನಿಗೆ ಹಣ ಕೊಡುತ್ತೇನೆಂದೆ. ಪಂಜರವೇ ಮೊದಲು ಎಂಬ ಷರತ್ತು ಹಾಕಿದೆ. ಆದರೆ ಕಾರು ಗಟ್ಟಿಯಾದಷ್ಟೂ ಅವನು ಇನ್ನೂ ಜೋರಾಗಿ ಓಡಿಸುತ್ತಾನೆಂಬುದು ನನಗೆ ಗೊತ್ತು. ಅವನ ತಾಯಿಗೆ ತಿಳಿಸದೆ ಕೊಡಲು ಮನಸ್ಸಾಗಲಿಲ್ಲ. ಇಷ್ಟು ವರ್ಷಗಳ ಮೇಲೆ ಅವಳಿಗೆ ಫೋನ್ ಮಾಡಿದೆ. ಹುಡುಗನ ವಿಷಯ ಹೇಳಿದೆ, ನನ್ನದನ್ನೂ ಹೇಳಿದೆ. ಕಾರಿನ ಓಟ ತನಗೆ ಸುತರಾಂ ಒಪ್ಪಿಗೆಯಿಲ್ಲ ಎಂದಳು. ಅರ್ಧ ಗಂಟೆ ಮಾತಾಡಿದರೂ ಅವಳ ನಿಲುವು ಕದಲಲಿಲ್ಲ. ಫೋನನ್ನೂ ಇಡಲಿಲ್ಲ.