ಗುಳ್ಳೆ ಏಳದ ಜಾಗ

ನಿಂತು ಹುಟ್ಟು ಹಾಕುವ ಪ್ಯಾಡಲ್ ಬೋರ್ಡುಗಳು ಮೂಲ್ಕಿಯ ಶಾಂಭವಿ ನದಿಗೆ ಈಗ ಹೊಸತಲ್ಲ. ಇವುಗಳಲ್ಲಿ ಗಾಳಿ ತುಂಬುವ ಬಗೆಯೊಂದಿದೆ: ಪಿವಿಸಿಯ ಎರಡು ಪದರ, ನಡುವೆ ಅವೆರಡನ್ನೂ ಹಿಡಿದಿಟ್ಟ ಸಾವಿರಾರು ನೂಲು. 12ರಿಂದ 15 ಪಿಎಸ್‌ಐ ಒತ್ತಡ ತುಂಬಿದರೆ ಆಳು ನಿಂತರೂ ಬಾಗದಷ್ಟು ಗಟ್ಟಿ. ಚಿಪ್ಪಿನ ಅಂಚೋ ಬಂಡೆಯ ಮೊನೆಯೋ ತಾಗಿ ಕಣ್ಣಿಗೆ ಕಾಣದ ತೂತು ಬಿದ್ದರೆ, ರಾತ್ರಿ ಬಿಗಿಯಾಗಿದ್ದದ್ದು ಬೆಳಗಾಗುವಾಗ ಮೆತ್ತಗಾಗಿರುತ್ತದೆ.

ದುರಸ್ತಿಗೆ ಕೂತವರು ಗಾಳಿ ತುಂಬಿ, ಸೋಪಿನ ನೀರು ಬಳಿಯುತ್ತಾರೆ. ಮೊದಲು ವಾಲ್ವ್‌ಗೆ, ಎಷ್ಟೋ ಸಲ ಅದನ್ನು ಬಿಗಿದರೇ ಸಾಕಾಗುತ್ತದೆ. ಆಮೇಲೆ ಅಂಚಿನ ಜೋಡಣೆ, ಫಿನ್‌ನ ಬುಡ. ಎಲ್ಲೋ ಒಂದೆಡೆ ಸಣ್ಣ ಗುಳ್ಳೆಗಳು ಏಳುತ್ತವೆ. ಒರೆಸಿದರೂ ಮತ್ತೆ ಅಲ್ಲೇ. ತೂತು ಸಿಕ್ಕಿತು. ಕೆಲಸ ಬಲ್ಲವರು ಅಲ್ಲಿ ಗುರುತು ಹಾಕಿ, ಉಳಿದ ಮೈಗೂ ಸೋಪು ಬಳಿಯುತ್ತಾರೆ. ಇನ್ನೊಂದು ತೂತು ಇಲ್ಲವೆಂದು ಗೊತ್ತಾಗಬೇಕಲ್ಲ? ಗಾಳಿ ಬಿಟ್ಟು ಪ್ಯಾಚ್ ಅಂಟಿಸಿ, ಒಂದು ದಿನ ಒಣಗಲು ಬಿಡುವುದು ಆಮೇಲಿನ ಮಾತು.

ಈ ಇಲ್ಲದಿರುವಿಕೆ ನಮಗೆ ಹೇಗೆ ತಿಳಿಯುತ್ತದೆ? ಭಾರತೀಯ ದರ್ಶನಗಳು ಇದನ್ನು ಶತಮಾನಗಟ್ಟಲೆ ಜಗ್ಗಾಡಿವೆ. ಸುಮಾರು 7ನೇ ಶತಮಾನದ ಮೀಮಾಂಸಕ ಕುಮಾರಿಲ ಭಟ್ಟರಿಗೆ ಅಭಾವವನ್ನು ತಿಳಿಯಲು ಅನುಪಲಬ್ಧಿ, ಅಂದರೆ ಕಾಣಸಿಗದಿರುವಿಕೆ, ಎಂಬ ಬೇರೆಯೇ ಪ್ರಮಾಣ (ಅರಿವಿನ ಸಾಧನ) ಬೇಕಿತ್ತು. ನ್ಯಾಯ ದರ್ಶನದ ನೈಯಾಯಿಕರು ಪ್ರತ್ಯಕ್ಷವೇ ಸಾಕೆಂದರು. ಮೀಮಾಂಸೆಯದೇ ಇನ್ನೊಂದು ಪಂಥದ ಪ್ರಾಭಾಕರರಿಗೆ ಅಭಾವವೆಂಬ ಬೇರೆ ಪದಾರ್ಥವೇ ಇಲ್ಲ, ಗಡಿಗೆಯಿಲ್ಲದ ನೆಲವೆಂದರೆ ಬರೀ ನೆಲ. ಉಡುಪಿಯ ಮಧ್ವಾಚಾರ್ಯರು ಪ್ರಮಾಣಗಳನ್ನು ಮೂರಕ್ಕೇ ನಿಲ್ಲಿಸಿ, ಅನುಪಲಬ್ಧಿಗೆ ಪ್ರತ್ಯೇಕ ಸ್ಥಾನ ಕೊಡಲಿಲ್ಲ.

ಈ ವಾದಗಳ ನಡುವೆ ಬೆಳೆದ ಒಂದು ಷರತ್ತು ಅಪ್ಪಟ ಚಿನ್ನ: ಇದ್ದಿದ್ದರೆ ಕಾಣಲೇಬೇಕಿತ್ತು ಎನ್ನುವಂಥದ್ದು ಕಾಣದಿದ್ದಾಗ ಮಾತ್ರ ಅದು ಇಲ್ಲ ಎನ್ನಬಹುದು. ಕತ್ತಲಲ್ಲಿ ಗಡಿಗೆ ಕಾಣಲಿಲ್ಲವೆಂದರೆ ಏನೂ ತಿಳಿದಂತಾಗಲಿಲ್ಲ. ಅರೆಬರೆ ಗಾಳಿ ತುಂಬಿದ ಬೋರ್ಡಿನಲ್ಲಿ ಗುಳ್ಳೆ ಏಳದಿರುವುದೂ ಹಾಗೆಯೇ. ಪೂರ್ತಿ ಒತ್ತಡವಿದ್ದು, ಸೋಪು ಎಲ್ಲ ಕಡೆ ಹರಡಿ, ಕಣ್ಣು ತಾಳ್ಮೆಯಿಂದ ಕಾದಿದ್ದರಷ್ಟೇ ಗುಳ್ಳೆ ಏಳದ ಜಾಗ ಸಾಕ್ಷಿ ನುಡಿಯುತ್ತದೆ.

ದೇವರ ಪ್ರಶ್ನೆಗೆ ಈ ಷರತ್ತನ್ನು ಹಚ್ಚಿದವರು ನೈಯಾಯಿಕ ಉದಯನ. ಕಾಣದ್ದರಿಂದ ಈಶ್ವರನಿಲ್ಲ ಎಂಬ ಆಕ್ಷೇಪಕ್ಕೆ ತಮ್ಮ ನ್ಯಾಯಕುಸುಮಾಂಜಲಿ ಗ್ರಂಥದ ಮೂರನೆಯ ಸ್ತಬಕದಲ್ಲಿ (ಅಧ್ಯಾಯದಲ್ಲಿ) ಅವರು ಕೊಡುವ ಉತ್ತರದ ತಿರುಳು ಇದು: ಕಾಣುವ ಯೋಗ್ಯತೆಯೇ ಇಲ್ಲದ್ದು ಕಾಣದಿದ್ದರೆ ಅದರಿಂದ ಏನೂ ಸಿದ್ಧವಾಗದು. ಗಟ್ಟಿ ಉತ್ತರ. ಆದರೆ ಅದು ಗುರಾಣಿ ಮಾತ್ರ, ಈಶ್ವರನನ್ನು ಸಾಧಿಸಿ ಕೊಡುವುದಿಲ್ಲ. ಉದಯನರಿಗೂ ಇದು ಗೊತ್ತಿತ್ತು. ಸಾಧನೆಗಾಗಿ ಐದನೆಯ ಸ್ತಬಕದಲ್ಲಿ ಬೇರೆಯೇ ಅನುಮಾನಗಳನ್ನು ಕಟ್ಟಿದರು. ವೇದವನ್ನು ಎತ್ತಿಹಿಡಿದ ಕುಮಾರಿಲರೋ ಸೃಷ್ಟಿಕರ್ತನನ್ನು ಒಪ್ಪಲೇ ಇಲ್ಲ.

ಇಂದಿನ ಆಸ್ತಿಕ-ನಾಸ್ತಿಕ ಜಗಳಗಳಲ್ಲಿ ಈ ಎಚ್ಚರ ಕಡಿಮೆ. ದೂರದರ್ಶಕಕ್ಕೆ ಸಿಗಲಿಲ್ಲವಾದ್ದರಿಂದ ದೇವರಿಲ್ಲ ಎನ್ನುವವರು ಉದಯನರಿಗೆ ಉತ್ತರ ಕೊಡಬೇಕು. ಇತ್ತ, ಇಂಥ ಹರಕೆಯಿಂದ ಇಂಥ ರೋಗ ವಾಸಿಯಾಗುತ್ತದೆ ಎನ್ನುವವರು ಉದಯನರ ಗುರಾಣಿಯ ಹಿಂದೆ ಅಡಗುವಂತಿಲ್ಲ. ವಾಸಿಯಾಗುವುದು ಕಣ್ಣಿಗೆ ಕಾಣುವ ಸಂಗತಿ. ಹರಕೆ ಹೊತ್ತವರೆಷ್ಟು, ಗುಣವಾದವರೆಷ್ಟು, ಹೊರದೆಯೂ ಗುಣವಾದವರೆಷ್ಟು ಎಂದು ಯಾರು ಬೇಕಾದರೂ ಎಣಿಸಿ ನೋಡಬಹುದು. ನಂಬಿದವರೇ ಎಣಿಸಿದರೆ ಇನ್ನೂ ಒಳ್ಳೆಯದು.